ಪಾಸ್ತಾ ಅಟ್ಯಾಚ್‌ಮೆಂಟ್ ತಗೊಳ್ಳೋದೋ ಬ್ಯಾಡೋ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಮನೆಗಳಿಗೆ ಕಣಕ ನಾದುವುದನ್ನಾಗಲಿ, ಲಟ್ಟಿಸುವುದನ್ನಾಗಲಿ, ಶಾವಿಗೆ ಒತ್ತುವುದನ್ನಾಗಲಿ ಯಾರೂ ಹೇಳಿಕೊಡಬೇಕಿಲ್ಲ. ಆದ್ದರಿಂದ ಅಡುಗೆಯ ಅ ಆ ಇ ಈ ಇಲ್ಲಿಲ್ಲ. ಪಾಸ್ತಾ ಮಾಡಲು ಸ್ಟ್ಯಾಂಡ್ ಮಿಕ್ಸರಿಗೆ ಹಚ್ಚುವ ಅಟ್ಯಾಚ್‌ಮೆಂಟಿಗೋ ಕೈಯಂತ್ರಕ್ಕೋ ದುಡ್ಡು ಹಾಕುವ ಮುಂಚೆ ನೋಡಬೇಕಾದದ್ದು, ತಂದ ಮೇಲೆ ಕೆಲಸ ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಎಂಬುದಷ್ಟೇ ಇದೆ.

ಪಾಸ್ತಾ ಅಟ್ಯಾಚ್‌ಮೆಂಟ್ ಅಂದ್ರ ಒಂದ ಸಾಮಾನೋ, ಬ್ಯಾರೆ ಬ್ಯಾರೆ ಇರ್ತಾವೋ?

ಎರಡು ಜಾತಿ ಇವೆ. ಹೆಸರು ಒಂದೇ ಇರುವುದರಿಂದ ತಪ್ಪಿ ಬೇರೆಯದನ್ನು ತರಿಸಿಕೊಂಡವರು ಬಹಳ.

ಮೊದಲನೆಯದು ರೋಲರ್. ಎರಡು ಉಕ್ಕಿನ ಉರುಳೆಗಳ ನಡುವೆ ಕಣಕ ಹಾಯಿಸಿ ಹಾಳೆ ಮಾಡುವುದು, ಆಮೇಲೆ ಅದೇ ಹಾಳೆಯನ್ನು ಕಟರಿನಲ್ಲಿ ಹಾಯಿಸಿ ಪಟ್ಟಿ ಕತ್ತರಿಸುವುದು. ಫೆಟ್ಟುಚಿನಿ ಎಂಬ ಚಪ್ಪಟೆ ಪಟ್ಟಿ, ಲಸಾನ್ಯ ಹಾಳೆ, ಹೂರಣ ತುಂಬುವ ರವಿಯೋಲಿ ಇದರಲ್ಲಿ ಆಗುತ್ತವೆ. ಎರಡನೆಯದು ಎಕ್ಸ್‌ಟ್ರೂಡರ್, ಅಂದರೆ ಒತ್ತುವ ಯಂತ್ರ. ಒಳಗಿನ ತಿರುಪು ಕಣಕವನ್ನು ತೂತಿನ ಬಿಲ್ಲೆಯ ಮೂಲಕ ದಬ್ಬುತ್ತದೆ. ಮ್ಯಾಕರೋನಿ, ರಿಗಟೋನಿಯಂಥ ಕೊಳವೆಗಳೂ ದುಂಡನೆಯ ಎಳೆಯ ಸ್ಪಗೆಟ್ಟಿಯೂ ಬರುವುದು ಇದರಿಂದಲೇ.

ಒಂದು ಲಟ್ಟಣಿಗೆಯ ಕೆಲಸ, ಇನ್ನೊಂದು ಚಕ್ಕುಲಿ ಒರಳಿನ ಕೆಲಸ. ಮಕ್ಕಳು ಕೇಳುವುದು ಮ್ಯಾಕರೋನಿ ಎಂದಾದರೆ ರೋಲರ್ ಎಷ್ಟೇ ಚಲೋ ಇದ್ದರೂ ಅದು ನಿಮ್ಮ ಸಾಮಾನಲ್ಲ.

ಮನ್ಯಾಗ ಮಿಕ್ಸಿ ಐತಿ. ಅದಕ್ಕ ಹಚ್ಚಾಕ ಬರ್ತದೇನ್ರಿ?

ಬರುವುದಿಲ್ಲ. ಮಿಕ್ಸಿ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ, ರೋಲರಿಗೆ ಬೇಕಾದದ್ದು ಕೈಯಿಂದ ಹಿಡಿ ತಿರುಗಿಸುವಷ್ಟು ನಿಧಾನದ ಗತಿ ಮತ್ತು ಬಲ. ಟೇಬಲ್‌ಟಾಪ್ ಗ್ರೈಂಡರಿನ ಜೊತೆ ಬರುವ ಹಿಟ್ಟು ನಾದುವ ಭಾಗವೂ ನಾದಲಿಕ್ಕೆ ಮಾತ್ರ. ಅಟ್ಯಾಚ್‌ಮೆಂಟ್ ಹಚ್ಚಬೇಕಾದರೆ ಸ್ಟ್ಯಾಂಡ್ ಮಿಕ್ಸರ್ ಬೇಕು: ಬೋಗುಣಿ ಕೆಳಗೆ, ಮೋಟರಿನ ತಲೆ ಮೇಲೆ, ಆ ತಲೆಯ ಮುಂಭಾಗದಲ್ಲಿ ಮುಚ್ಚಳ ತೆಗೆದರೆ ಕಾಣುವ ಕೂಡುಬಾಯಿ.

ಸ್ಟ್ಯಾಂಡ್ ಮಿಕ್ಸರ್ ಐತಿ. ಯಾವ ಕಂಪನಿ ಅಟ್ಯಾಚ್‌ಮೆಂಟ್ ಆದ್ರೂ ನಡೀತದ?

ನಡೆಯುವುದಿಲ್ಲ. ಕಿಚನ್‌ಏಡ್, ಕೆನ್‌ವುಡ್, ಬಾಷ್ ಮೂರರ ಕೂಡುಬಾಯಿಯೂ ಬೇರೆ ಬೇರೆ. ಒಂದೇ ಕಂಪನಿಯೊಳಗೂ ಮಾದರಿ ನೋಡಿಯೇ ಕೊಳ್ಳಬೇಕು. ಕಡಿಮೆ ಬೆಲೆಯ ಹಲವು ಸ್ಟ್ಯಾಂಡ್ ಮಿಕ್ಸರುಗಳಿಗೆ ಮುಂದಿನ ಕೂಡುಬಾಯಿಯೇ ಇರುವುದಿಲ್ಲ, ಹೊರಗಿನಿಂದ ನೋಡಿದರೆ ಮಾತ್ರ ಎಲ್ಲವೂ ಒಂದೇ ಥರ. ಅಂಗಡಿಗೆ ಹೋಗುವಾಗ ಮಿಕ್ಸರಿನ ತಳದಲ್ಲಿರುವ ಮಾದರಿ ಸಂಖ್ಯೆಯ ಫೋಟೋ ತೆಗೆದುಕೊಂಡು ಹೋಗಿ. ‘ಎಲ್ಲದಕ್ಕೂ ಹೊಂದುತ್ತದೆ’ ಎಂದು ಬರೆದ ಡಬ್ಬಿಯನ್ನು ಕೈಗೆ ತೆಗೆದುಕೊಳ್ಳಬೇಡಿ.

ಸ್ಟ್ಯಾಂಡ್ ಮಿಕ್ಸರ್ ಇಲ್ಲ. ಎರಡೂ ಕೂಡೆ ತಗೊಂಡ್ರ ಹ್ಯಾಂಗ?

ಬೇಡ. ಕೇಕು, ಬ್ರೆಡ್ಡು ಎಂದು ಮಿಕ್ಸರಿಗೆ ಬೇರೆ ಕೆಲಸವೂ ಇದ್ದರೆ ಮಾತು ಬೇರೆ. ಪಾಸ್ತಾ ಒಂದಕ್ಕೇ ಆದರೆ ಕೈಯಿಂದ ತಿರುಗಿಸುವ ರೋಲರ್ ಯಂತ್ರ ಸಾಕು. ಹಾಳೆಯ ಗುಣದಲ್ಲಿ ಯಾವ ಫರಕೂ ಇಲ್ಲ, ಉರುಳೆಗೆ ತನ್ನನ್ನು ತಿರುಗಿಸುವುದು ಕೈಯೋ ಮೋಟರೋ ಗೊತ್ತಾಗುವುದಿಲ್ಲ.

ಇಟಲಿಯ ಮಾರ್ಕಾಟೊ ಕಂಪನಿಯ ಅಟ್ಲಾಸ್ 150 ಈ ಜಾತಿಯಲ್ಲಿ ಎಲ್ಲರೂ ಅಳತೆಗೋಲಾಗಿ ಹಿಡಿಯುವ ಯಂತ್ರ. ಹೆಸರಿನಲ್ಲಿರುವ 150 ಎಂದರೆ ಹಾಳೆಯ ಅಗಲ, 150 ಮಿ.ಮೀ. ದಪ್ಪವನ್ನು 4.8 ಮಿ.ಮೀ.ನಿಂದ 0.6 ಮಿ.ಮೀ.ವರೆಗೆ 10 ಹಂತಗಳಲ್ಲಿ ಇಳಿಸಬಹುದು. ಜೊತೆಗಿರುವ ಕಟರಿನಲ್ಲಿ ಒಂದು ಬದಿ ಸುಮಾರು 6 ಮಿ.ಮೀ. ಪಟ್ಟಿ, ಇನ್ನೊಂದು ಬದಿ 1.5 ಮಿ.ಮೀ. ಎಳೆ. ಇದನ್ನೇ ಹೋಲುವ ಅಗ್ಗದ ಯಂತ್ರಗಳೂ ಬಹಳ ಸಿಗುತ್ತವೆ. ಅವುಗಳಲ್ಲಿ ಮೊದಲು ಸೋಲುವುದು ಉರುಳೆಯಲ್ಲ. ದಪ್ಪ ಬದಲಿಸುವ ಗುಂಡಿಯ ಒಳಗಿನ ಪಿನ್ನು ಸವೆಯುತ್ತದೆ, ಆಮೇಲೆ ಹಾಳೆ ಒಂದು ಅಂಚಿಗೆ ದಪ್ಪ, ಇನ್ನೊಂದು ಅಂಚಿಗೆ ತೆಳ್ಳಗೆ ಬರುತ್ತದೆ.

ಮೋಟರಿನ ಲಾಭ ಒಂದೇ: ಎರಡೂ ಕೈ ಬಿಡುವಾಗಿರುತ್ತವೆ. ಒಬ್ಬರೇ ಮಾಡುವವರಿಗೆ ಇದು ಸಣ್ಣ ಮಾತಲ್ಲ. ಕೈಯಂತ್ರದಲ್ಲಿ ಒಂದು ಕೈ ಹಿಡಿಗೆ, ಒಂದು ಕೈ ಕಣಕಕ್ಕೆ, ಕೆಳಗೆ ಬರುವ ಹಾಳೆ ಹಿಡಿಯಲಿಕ್ಕೆ ಮೂರನೇ ಕೈ ಬೇಕು. ಮನೆಯಲ್ಲಿ ಮಕ್ಕಳಿದ್ದರೆ ಆ ಕೈ ಸಿಗುತ್ತದೆ. ಕರೆಂಟು ಹೋದರೂ ಕೈಯಂತ್ರ ನಿಲ್ಲುವುದಿಲ್ಲ.

ಅವ್ವನ ಕಾಲದ ಶ್ಯಾವಿಗಿ ಯಂತ್ರ ಅಟ್ಟದ ಮ್ಯಾಲೆ ಐತಿ. ಅದರಾಗ ಪಾಸ್ತಾ ಆಗ್ತದೇನು?

ಕೆಳಗಿಳಿಸಿ ತೊಳೆಯಿರಿ. ಈ ಪುಟ ಓದುವವರಲ್ಲಿ ಕೆಲವರಿಗೆ ಇಲ್ಲಿಗೇ ಕೆಲಸ ಮುಗಿಯಬಹುದು.

ಹಲಗೆಗೋ ಬಾಜಿನ ಪಟ್ಟಿಗೋ ಬಿಗಿಯುವ ಕೈ ತಿರುವಿನ ಶಾವಿಗೆ ಯಂತ್ರ ಕೆಲಸದ ಲೆಕ್ಕದಲ್ಲಿ ಎಕ್ಸ್‌ಟ್ರೂಡರೇ. ಒಳಗೆ ತಿರುಪು, ಬಾಯಲ್ಲಿ ತೂತಿನ ಬಿಲ್ಲೆ. ಶಾವಿಗೆ ಬಿಲ್ಲೆಯ ತೂತು ಒಂದು ಮಿ.ಮೀ.ಗಿಂತ ಸಣ್ಣದು, ಸ್ಪಗೆಟ್ಟಿಗೆ ಬೇಕಾದದ್ದು ಸುಮಾರು 2 ಮಿ.ಮೀ. ಕೆಲವು ಯಂತ್ರಗಳ ಜೊತೆ ದಪ್ಪ ತೂತಿನ ಬಿಲ್ಲೆಯೂ ಇರುತ್ತದೆ, ಡಬ್ಬಿಯ ತಳ ಹುಡುಕಿ ನೋಡಿ. ಇಲ್ಲದಿದ್ದರೆ ಹಳೆಯ ಬಿಲ್ಲೆಯ ವ್ಯಾಸ, ದಪ್ಪ ಅಳೆದು ಲೇಥ್ ಕೆಲಸದವರಲ್ಲಿ ಹಿತ್ತಾಳೆಯದೊಂದು ಮಾಡಿಸಬಹುದು. ಹಿತ್ತಾಳೆಯದು ಮಾಡಿಸುವಾಗ ಸೀಸ ಇಲ್ಲದ್ದು ಎಂದು ಕೇಳಿ. ಅದು ಖಾತ್ರಿಯಾಗದಿದ್ದರೆ ಸ್ಟೇನ್‌ಲೆಸ್ ಉಕ್ಕೇ ಇರಲಿ, ತೂತಿನ ಅಂಚಿನ ಚೂರು ಪೂರ್ತಿ ಉಜ್ಜಿಸಿ.

ಆಗದ ಕೆಲಸವೂ ಇದೆ. ಕೊಳವೆ ಬರಬೇಕಾದರೆ ತೂತಿನ ನಡುವೆ ಒಂದು ಕಡ್ಡಿ ನಿಂತಿರಬೇಕು, ಕಣಕ ಅದರ ಸುತ್ತ ಹರಿದು ಬಂದು ಮುಂದೆ ಒಂದಾಗಬೇಕು. ಆ ಬಿಲ್ಲೆ ಮಾಡುವುದು ನಾಜೂಕಿನ ಕೆಲಸ, ಸಾಮಾನ್ಯ ಲೇಥಿನಲ್ಲಿ ಆಗುವಂಥದ್ದಲ್ಲ. ಹಾಳೆಯಂತೂ ಇದರಲ್ಲಿ ಬರುವುದಿಲ್ಲ.

ಬಿಲ್ಲೆಯೂ ಯಂತ್ರವೂ ಇಲ್ಲದೆ ಆಗುವ ಆಕಾರಗಳನ್ನು ಮರೆಯಬೇಡಿ. ಚೂರು ಕಣಕವನ್ನು ಬೆರಳಲ್ಲಿ ಹೊಸೆದು ಮಾಡುವ ಗವಲಿ, ಗೀರಿದ ಹಲಗೆಯ ಮೇಲೆ ಉಜ್ಜಿ ಮಾಡುವ ಪರಡಿ ಇವೆರಡೂ ಪಾಸ್ತಾದ ಸ್ವಂತ ಅಕ್ಕತಂಗಿಯರು. ದಕ್ಷಿಣ ಇಟಲಿಯಲ್ಲಿ ಇವತ್ತಿಗೂ ಕವಾಟೆಲ್ಲಿ ಮಾಡುವುದು ಇದೇ ರೀತಿ, ಬೆರಳಿನಿಂದ ಒತ್ತಿ ಎಳೆದು.

ಹಿಟ್ಟು ಯಾವುದು ಚಲೋ?

ಯಂತ್ರಕ್ಕಿಂತ ಹಿಟ್ಟಿನ ಮೇಲೆ ಹೆಚ್ಚು ವಿಚಾರ ಮಾಡಬೇಕು. ಒಳ್ಳೆಯ ಯಂತ್ರ ತಂದು ಚಪಾತಿ ಹಿಟ್ಟು ಹಾಕಿ ಸೋತು, ಯಂತ್ರವನ್ನೇ ಬೈದು ಅಟ್ಟಕ್ಕೇರಿಸುವವರು ಬಹಳ.

ಒಣ ಪಾಸ್ತಾ ಮಾಡುವುದು ಡ್ಯೂರಮ್ ಎಂಬ ಗಟ್ಟಿ ಕಾಳಿನ ಗೋಧಿಯ ರವೆಯಿಂದ. ಇಟಲಿಯಲ್ಲಿ 1967ರ ಕಾಯಿದೆಯಿಂದಲೇ ಒಣ ಪಾಸ್ತಾಕ್ಕೆ ಇದೇ ಗೋಧಿ ಕಡ್ಡಾಯ. ಈ ಗೋಧಿ ನಮಗೆ ಪರದೇಶದ್ದಲ್ಲ. ಧಾರವಾಡ ಸುತ್ತಲಿನ ಕರಿಮಣ್ಣಿನಲ್ಲಿ ಡ್ಯೂರಮ್ ಮತ್ತು ಜವೆಗೋಧಿ ಎರಡೂ ಹಳೆಯ ಬೆಳೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಎರಡರಲ್ಲೂ ತಳಿಗಳನ್ನು ಬಿಡುಗಡೆ ಮಾಡಿದೆ. ಡಿಡಿಕೆ 1025, ಡಿಡಿಕೆ 1029 ಜವೆಗೋಧಿಯ ತಳಿಗಳು.

ಕಿರಾಣಿ ಅಂಗಡಿಯಲ್ಲಿ ಬನ್ಸಿ ರವೆ ಎಂದು ಕೇಳಿದರೆ ಸಿಗುವ ಹಳದಿ ಬಣ್ಣದ ರವೆ ಡ್ಯೂರಮ್ಮಿನದು. ಅದು ಉಪ್ಪಿಟ್ಟಿಗೆಂದು ದಪ್ಪ ಒಡೆದದ್ದು, ಹಾಗೇ ನಾದಿದರೆ ಹಾಳೆ ತರಿತರಿಯಾಗಿ ಹರಿಯುತ್ತದೆ. ಮಿಕ್ಸಿಯ ಸಣ್ಣ ಜಾರಿನಲ್ಲಿ ಒಂದು ಹಿಡಿಯಷ್ಟು ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ, ಮೈದಾ ಸಾಣಿಗೆಯಲ್ಲಿ ಸೋಸಿ. ಬಿಡದೆ ತಿರುಗಿಸಿದರೆ ಜಾರು ಬಿಸಿಯಾಗಿ ಹಿಟ್ಟೂ ಬಿಸಿಯಾಗುತ್ತದೆ. ಗಿರಣಿಯಲ್ಲಿ ಬೀಸಿಸುವುದಾದರೆ ಜೋಳ ಬೀಸಿದ ಬೆನ್ನಿಗೇ ಹಾಕಿಸಬೇಡಿ. ಕಲ್ಲಿನಲ್ಲಿ ಉಳಿದ ಜೋಳದ ಹಿಟ್ಟು ಸೇರಿದರೆ ಕಣಕಕ್ಕೆ ಎಳೆತ ಇರುವುದಿಲ್ಲ.

ಚಿರೋಟಿ ರವೆ ಸಣ್ಣದು, ಸುಲಭಕ್ಕೆ ಸಿಗುತ್ತದೆ, ಸಾಮಾನ್ಯ ಗೋಧಿಯದು. ಬಣ್ಣ ಬಿಳಿ, ಕೆಲಸ ಚಲೋ. ಹೊಸಬರು ಇದರಿಂದಲೇ ಶುರು ಮಾಡಲಿ.

ಮೈದಾ ಒಂದೇ ಹಾಕಿದರೆ ಹಾಳೆ ನುಣ್ಣಗೆ, ಸರಾಗ, ನೋಡಲು ಚೆಂದ. ಬೇಯಿಸಿದರೆ ಮೆತ್ತಗಾಗಿ ಹಲ್ಲಿಗೆ ಸಿಗುವುದೇ ಇಲ್ಲ. ಮೊಟ್ಟೆ ಸೇರಿದರೆ ಮಾತ್ರ ಮೈದಾಕ್ಕೆ ಗಟ್ಟಿತನ ಬರುತ್ತದೆ.

ಚಪಾತಿ ಹಿಟ್ಟಿನ ತೊಂದರೆ ತೌಡು. ಹಾಳೆ 2 ಮಿ.ಮೀ.ಗಿಂತ ತೆಳ್ಳಗಾದಾಗ ತೌಡಿನ ಚೂರು ಕಣಕದ ಎಳೆಯನ್ನು ಕೊಯ್ದು ತೂತು ಬೀಳಿಸುತ್ತದೆ. ಗೋಧಿಯದೇ ಬೇಕೆಂದಿದ್ದರೆ ಎರಡು ಸಲ ಸೋಸಿ, 60 ಭಾಗ ಹಿಟ್ಟಿಗೆ 40 ಭಾಗ ಚಿರೋಟಿ ರವೆ ಸೇರಿಸಿ. ಹಾಳೆಯನ್ನು ತುಸು ದಪ್ಪ ಇರುವಾಗಲೇ ನಿಲ್ಲಿಸಿ.

ಜವೆಗೋಧಿಗೆ ರುಚಿ ಇದೆ, ಬಣ್ಣ ಇದೆ, ಎಳೆತ ಕಡಿಮೆ. ಒತ್ತಿ ಮಾಡುವ ಶಾವಿಗೆಗೆ ಅದು ಹೇಳಿಮಾಡಿಸಿದ್ದು, ಎಳೆದು ತೆಳ್ಳಗೆ ಮಾಡುವ ರೋಲರಿಗೆ ಅಲ್ಲ.

ಜವೆಗೋಧಿ ಪಾಸ್ತಾ ಗ್ಲುಟನ್ ಇಲ್ಲದ್ದು ಅಂತಾರ. ಹೌದೇನು?

ಅಲ್ಲ. ಗ್ಲುಟನ್ ಎಂದರೆ ಕಣಕಕ್ಕೆ ಎಳೆತ ಕೊಡುವ ಗೋಧಿಯ ಪ್ರೋಟೀನು. ಜವೆಗೋಧಿಯೂ ಗೋಧಿಯೇ, ಅದರಲ್ಲಿ ಗ್ಲುಟನ್ ಇದೆ. ಗ್ಲುಟನ್ ತಿಂದರೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇದ್ದವರಿಗೆ ಅದನ್ನು ಕೊಡಬಾರದು.

ತತ್ತಿ ಹಾಕಂಗಿಲ್ಲ. ಅಳತಿ ಹೇಳ್ರಿ.

ಮೊಟ್ಟೆ ಇಲ್ಲದ ಪಾಸ್ತಾ ಕೈಲಾಗದವರ ಪಾಸ್ತಾ ಅಲ್ಲ. ದಕ್ಷಿಣ ಇಟಲಿಯ ಪದ್ಧತಿಯೇ ರವೆ ಮತ್ತು ನೀರು.

ನಾಲ್ಕು ಜನಕ್ಕೆ: ಚಿರೋಟಿ ರವೆ 200 ಗ್ರಾಂ, ಸಣ್ಣಗೆ ಮಾಡಿದ ಬನ್ಸಿ ರವೆ 100 ಗ್ರಾಂ, ಮೈದಾ 100 ಗ್ರಾಂ, ಉಗುರುಬೆಚ್ಚಗಿನ ನೀರು 190ರಿಂದ 200 ಮಿ.ಲೀ., ಎಣ್ಣೆ ಒಂದು ಚಮಚ. ಕಣಕಕ್ಕೆ ಉಪ್ಪು ಬೇಡ, ಕುದಿಯುವ ನೀರಿಗೆ ಹಾಕಿದರೆ ಸಾಕು. ನೀರನ್ನು ಒಂದೇ ಸಲ ಸುರಿಯದೆ 170 ಮಿ.ಲೀ. ಹಾಕಿ ಕಲಸಿ, ಹತ್ತು ನಿಮಿಷ ಮುಚ್ಚಿಡಿ. ರವೆ ನೀರು ಕುಡಿಯಲು ಹೊತ್ತು ತೆಗೆದುಕೊಳ್ಳುತ್ತದೆ. ಆಮೇಲೆ ಎಷ್ಟು ಬೇಕೋ ಅಷ್ಟು ಚಿಮುಕಿಸಿ. ಎಂಟು ಹತ್ತು ನಿಮಿಷ ನಾದಿ, ಒದ್ದೆ ಬಟ್ಟೆ ಮುಚ್ಚಿ ಕನಿಷ್ಠ 45 ನಿಮಿಷ ಬಿಡಿ.

ಹದ ಯಾವುದು? ಚಪಾತಿ ಕಣಕಕ್ಕಿಂತ ಗಟ್ಟಿ, ಪೂರಿ ಕಣಕಕ್ಕಿಂತಲೂ ಒಂದು ತೂಕ ಗಟ್ಟಿ. ಹೋಳಿಗೆ ಕಣಕದ ಕೈ ಇದ್ದವರಿಗೆ ಇಲ್ಲೇ ಎಡವಟ್ಟು. ಹೋಳಿಗೆಗೆ ಕಣಕ ಮೆತ್ತಗಿದ್ದಷ್ಟೂ ಚಲೋ, ಇಲ್ಲಿ ಅದು ಉರುಳೆಗೆ ಅಂಟಿ ಕೂರುತ್ತದೆ.

ತತ್ತಿ ಹಾಕಿದ್ರ?

ಇಟಲಿಯ ಲೆಕ್ಕ 100 ಗ್ರಾಂ ಮೈದಾಕ್ಕೆ ಒಂದು ಮೊಟ್ಟೆ. ಆ ಲೆಕ್ಕ ಹಿಡಿದಿರುವುದು ದೊಡ್ಡ ಮೊಟ್ಟೆಗೆ. ನಮ್ಮ ಅಂಗಡಿಯ ಮೊಟ್ಟೆ ಹಲವು ಸಲ ಚಿಪ್ಪು ಸೇರಿ 50 ಗ್ರಾಂ ಆಸುಪಾಸು, ಒಡೆದರೆ ಇನ್ನೂ ಕಡಿಮೆ. ಆದ್ದರಿಂದ ಮೊಟ್ಟೆ ಒಡೆದು ತೂಕ ಮಾಡಿ: 400 ಗ್ರಾಂ ಹಿಟ್ಟಿಗೆ ಮೊಟ್ಟೆಯ ಒಳಗಿನದು 215ರಿಂದ 225 ಗ್ರಾಂ ಬೇಕು. ನಾಲ್ಕು ಸಣ್ಣ ಮೊಟ್ಟೆ ಸಾಲದಿದ್ದರೆ ಐದನೆಯದರ ಹಳದಿ ಹಾಕಿ, ಮತ್ತೂ ಕಡಿಮೆ ಬಿದ್ದರೆ ಚಮಚ ನೀರು. ಅರ್ಧ ಗಂಟೆ ಬಿಟ್ಟರೆ ಸಾಕು.

ಒಂದೇ ಯಂತ್ರದಲ್ಲಿ ಮೊಟ್ಟೆಯದೂ ಮೊಟ್ಟೆ ಇಲ್ಲದ್ದೂ ಮಾಡುವ ಮನೆಯಲ್ಲಿ ಹಿರಿಯರು ತಿನ್ನುವುದಿಲ್ಲ ಎಂದಾದರೆ ಕೊಳ್ಳುವ ಮೊದಲೇ ತೀರ್ಮಾನ ಮಾಡಿ. ಈ ಯಂತ್ರವನ್ನು ನೀರಿನಲ್ಲಿ ತೊಳೆಯುವಂತಿಲ್ಲ, ‘ತಿಕ್ಕಿ ತೊಳೆದೀನ್ರಿ’ ಎಂದು ಹೇಳಲಿಕ್ಕೆ ಆಗುವುದಿಲ್ಲ.

ರೋಲರಿನ್ಯಾಗ ಹಾಯಿಸೋ ಕ್ರಮ ಹ್ಯಾಂಗ?

ಕಣಕವನ್ನು 100 ಗ್ರಾಮಿನ ಉಂಡೆ ಮಾಡಿ. ಒಂದನ್ನು ತೆಗೆದುಕೊಂಡು ಉಳಿದವನ್ನು ಮುಚ್ಚಿಡಿ. ಅಂಗೈಯಲ್ಲಿ ತಟ್ಟಿ ಒಂದು ಸೆಂ.ಮೀ. ದಪ್ಪ ಮಾಡಿ, ಅತಿ ಅಗಲದ ಹಂತದಲ್ಲಿ ಹಾಯಿಸಿ. ಬಂದ ಹಾಳೆಯನ್ನು ಮೂರು ಮಡಿಕೆ ಮಾಡಿ, ಮಡಿಕೆ ಇಲ್ಲದ ಬಾಯಿ ಮುಂದೆ ಮಾಡಿ ಮತ್ತೆ ಹಾಯಿಸಿ. ಹೀಗೆ ಐದಾರು ಸಲ. ಇದು ಲಟ್ಟಿಸುವುದಕ್ಕಿಂತ ನಾದುವ ಕೆಲಸ, ಮೊದಲ ಎರಡು ಸಲ ಅಂಚು ಹರಿದರೆ ಹೆದರಬೇಡಿ, ಮೂರನೆಯದಕ್ಕೆ ತಾನಾಗಿ ಕೂಡಿಕೊಳ್ಳುತ್ತದೆ. ಮೈ ನುಣುಪಾದ ಮೇಲೆ ಮಡಿಕೆ ನಿಲ್ಲಿಸಿ, ಒಂದೊಂದೇ ಹಂತ ಇಳಿಸುತ್ತ ಬನ್ನಿ. ನಡುವಿನ ಹಂತ ಹಾರಿಸಿದರೆ ಉರುಳೆ ಕಣಕವನ್ನು ಎಳೆಯದೆ ಹರಿಯುತ್ತದೆ.

ಫೆಟ್ಟುಚಿನಿಗೆ ಸುಮಾರು 1.5 ಮಿ.ಮೀ. ದಪ್ಪ ಸಾಕು. ಕಿಚನ್‌ಏಡ್‌ನ 8 ಹಂತದ ರೋಲರಿನಲ್ಲಿ ಅದು 4 ಅಥವಾ 5. ಒಳಗೆ ಹೂರಣ ತುಂಬುವ ರವಿಯೋಲಿಗೆ ಇನ್ನೂ ತೆಳ್ಳಗೆ, ಯಾಕೆಂದರೆ ಅಂಚಿನಲ್ಲಿ ಎರಡು ಹಾಳೆ ಕೂಡುತ್ತವೆ. ಅಗ್ಗದ ಕೆಲವು ಯಂತ್ರಗಳಲ್ಲಿ ಅಂಕಿ ಉಲ್ಟಾ ಇರುತ್ತದೆ, 1 ಎಂದರೆ ತೆಳ್ಳಗೆ. ಅಂಕಿ ನಂಬದೆ ಉರುಳೆಗಳ ನಡುವಿನ ಸಂದು ನೋಡಿ.

ಹಾಳೆಯನ್ನು 25-30 ಸೆಂ.ಮೀ. ಉದ್ದಕ್ಕೆ ಕೊಯ್ದು, ಬಟ್ಟೆಯ ಮೇಲೆ ಐದರಿಂದ ಹತ್ತು ನಿಮಿಷ ಆರಲು ಬಿಟ್ಟು, ಆಮೇಲೆ ಕಟರಿಗೆ ಕೊಡಿ. ಏಪ್ರಿಲ್-ಮೇ ಒಣ ಹವೆಯಲ್ಲಿ ಫ್ಯಾನಿನ ಕೆಳಗೆ ಮೂರೇ ನಿಮಿಷಕ್ಕೆ ಅಂಚು ಬಿರುಕು ಬಿಡುತ್ತದೆ, ಫ್ಯಾನು ಬಂದ್ ಮಾಡಿ. ಮಳೆಗಾಲದಲ್ಲಿ ಹದಿನೈದು ನಿಮಿಷವೂ ಬೇಕಾಗಬಹುದು. ಕೈಗೆ ಅಂಟಬಾರದು, ಮಡಿಚಿದರೆ ಮುರಿಯಬಾರದು, ಅದೇ ಗುರುತು.

ಉದುರಿಸಲು ಮೈದಾ ಬೇಡ, ಚಿರೋಟಿ ರವೆ ಉದುರಿಸಿ. ಮೈದಾ ಪಟ್ಟಿಗೆ ಹತ್ತಿಕೊಂಡು ಬೇಯಿಸುವ ನೀರನ್ನು ಗಂಜಿ ಮಾಡುತ್ತದೆ. ರವೆ ತಳಕ್ಕೆ ಇಳಿಯುತ್ತದೆ.

ಬೇಯಿಸಲು 100 ಗ್ರಾಂ ಪಾಸ್ತಾಕ್ಕೆ ಒಂದು ಲೀಟರ್ ನೀರು, ಲೀಟರಿಗೆ 10 ಗ್ರಾಂ ಉಪ್ಪು. ಕುದಿ ಬಂದ ಮೇಲೆ ಎರಡು ಮೂರು ನಿಮಿಷ, ಅಷ್ಟೇ. ಅಂಗಡಿ ಪಾಸ್ತಾದ ಹಾಗೆ ಹತ್ತು ನಿಮಿಷ ಬಿಟ್ಟರೆ ಅಂಬಲಿ.

ಕೆಡೋದು ಎಲ್ಲಿ?

ಹಾಳೆಯ ಅಂಚು ಗರಗಸದ ಹಾಗೆ ಹರಿಯುತ್ತಿದ್ದರೆ ಕಣಕ ಒಣಗಿದೆ ಅಥವಾ ಬಿಟ್ಟ ಹೊತ್ತು ಸಾಲದು. ಕೈ ಒದ್ದೆ ಮಾಡಿ ನಾದಿ ಮತ್ತೆ ಇಪ್ಪತ್ತು ನಿಮಿಷ ಬಿಡಿ. ನೀರು ಸುರಿಯಬೇಡಿ, ಮೇಲ್ಮೈ ಮಾತ್ರ ಅಂಟಂಟಾಗುತ್ತದೆ. ಹಾಳೆ ನೆರಿಗೆ ನೆರಿಗೆಯಾಗಿ ಬರುತ್ತಿದ್ದರೆ ಕಣಕ ಮೆತ್ತಗಿದೆ, ರವೆ ಉದುರಿಸಿ ಅಗಲದ ಹಂತದಲ್ಲಿ ಮತ್ತೆ ಮಡಿಚಿ ಹಾಯಿಸಿ.

ಕಟರಿನಿಂದ ಪಟ್ಟಿಗಳು ಬಿಡದೆ ಜೋಡಿಯಾಗಿ ಬಂದರೆ ಹಾಳೆ ಆರಿಲ್ಲ. ಕಟರು ಹಾಳೆಯನ್ನು ಹಿಡಿಯುವುದೇ ಇಲ್ಲ ಎಂದರೆ ಅತಿಯಾಗಿ ಆರಿದೆ ಅಥವಾ ಅತಿ ತೆಳ್ಳಗಿದೆ. ಬೂದು ಬಣ್ಣದ ಗೆರೆ ಬಂದರೆ ಅದು ಹೊಸ ಯಂತ್ರದ ಎಣ್ಣೆ. ಮೊದಲ ದಿನ ಒಂದು ಉಂಡೆ ಕಣಕವನ್ನು ರೋಲರ್, ಕಟರ್ ಎರಡರಲ್ಲೂ ಹಲವು ಸಲ ಹಾಯಿಸಿ ಬಿಸಾಡಬೇಕು. ದನಕ್ಕೂ ಹಾಕಬೇಡಿ.

ಎಕ್ಸ್‌ಟ್ರೂಡರ್ ಅಟ್ಯಾಚ್‌ಮೆಂಟ್ ಹ್ಯಾಂಗ? ಮ್ಯಾಕರೋನಿ ಬೇಕು ನಮಗ.

ಇದರ ಕಣಕ ಬೇರೆಯೇ. 100 ಗ್ರಾಂ ರವೆಗೆ ನೀರು 30ರಿಂದ 35 ಮಿ.ಲೀ. ಮಾತ್ರ. ಕಲಸಿದಾಗ ಉಂಡೆ ಆಗಬಾರದು, ಪುಡಿಪುಡಿಯಾಗಿ ಹಸಿ ಅವಲಕ್ಕಿ ಹಾಗೆ ಇರಬೇಕು. ಮುಷ್ಟಿಯಲ್ಲಿ ಹಿಂಡಿದರೆ ಕೂಡಬೇಕು, ಬೆರಳು ತಾಗಿಸಿದರೆ ಒಡೆಯಬೇಕು. ಮೊದಲ ಸಲ ಮಾಡುವ ಎಲ್ಲರಿಗೂ ‘ನೀರು ಕಡಿಮಿ ಆತು’ ಅನಿಸುತ್ತದೆ, ನೀರು ಹಾಕುತ್ತಾರೆ, ಕೊಳವೆಗಳು ಹೊರಗೆ ಬಂದ ಕೂಡಲೇ ಚಪ್ಪಟೆಯಾಗಿ ಒಂದಕ್ಕೊಂದು ಅಂಟುತ್ತವೆ.

ಬಾಯಿಗೆ ಅಡಕೆ ಗಾತ್ರದ ತುಂಡುಗಳನ್ನು ಒಂದೊಂದಾಗಿ ಹಾಕಿ. ಒಮ್ಮೆಲೇ ತುಂಬಿ ಗುದ್ದಿದರೆ ತಿರುಪಿನ ಮೇಲೆ ಕಣಕ ಕಮಾನು ಕಟ್ಟಿ ನಿಲ್ಲುತ್ತದೆ. ಒತ್ತುವಾಗ ಕಣಕ ಬಿಸಿಯಾಗುತ್ತದೆ, ಮೋಟರೂ ಬಿಸಿಯಾಗುತ್ತದೆ. ಮಿಕ್ಸರಿನ ತಲೆ ಕೈ ಇಡಲಾರದಷ್ಟು ಕಾದರೆ ನಿಲ್ಲಿಸಿ ಆರಲು ಬಿಡಿ. ಬೇಸಿಗೆ ಮಧ್ಯಾಹ್ನ ಈ ಕೆಲಸ ಹಚ್ಚಿಕೊಳ್ಳದಿರುವುದೇ ಚಲೋ.

ಬಿಲ್ಲೆ ಪ್ಲಾಸ್ಟಿಕ್ಕಿನದಾದರೆ ಪಾಸ್ತಾ ನುಣ್ಣಗೆ ಬರುತ್ತದೆ, ಕಂಚಿನದಾದರೆ ಮೈ ಒರಟಾಗಿ ಸಾರು ಹಿಡಿಯುತ್ತದೆ. ಮನೆಬಳಕೆಯ ಅಟ್ಯಾಚ್‌ಮೆಂಟುಗಳಲ್ಲಿ ಪ್ಲಾಸ್ಟಿಕ್ಕೇ ಹೆಚ್ಚು.

ನಮ್ಮ ಅಭಿಪ್ರಾಯ ಕೇಳಿದರೆ: ಮ್ಯಾಕರೋನಿಯನ್ನು ಪಾಕೀಟಿನಲ್ಲೇ ಕೊಳ್ಳಿ. ಹಾಳೆ ಪಾಸ್ತಾದಲ್ಲಿ ಮನೆಯದಕ್ಕೂ ಅಂಗಡಿಯದಕ್ಕೂ ಇರುವ ರುಚಿಯ ಅಂತರ ಕೊಳವೆ ಪಾಸ್ತಾದಲ್ಲಿ ಇಲ್ಲ.

ಕೈಯಂತ್ರ ನಮ್ಮ ಅಡಿಗಿಮನಿ ಕಟ್ಟೀಗೆ ಕೂಡ್ತದೇನು?

ಹೆಚ್ಚಿನ ಮನೆಗಳಲ್ಲಿ ಕೂರುವುದಿಲ್ಲ, ಡಬ್ಬಿ ಬಿಚ್ಚಿದ ಮೇಲೆ ಗೊತ್ತಾಗುತ್ತದೆ. ಯಂತ್ರದ ಶಿಕಂಜೆಗೆ ಕಟ್ಟೆಯ ಅಂಚು ಕೆಳಗಿನ ಗೋಡೆ ಅಥವಾ ಕಪಾಟಿಗಿಂತ ಮೂರು ನಾಲ್ಕು ಸೆಂ.ಮೀ.ಯಾದರೂ ಹೊರಗೆ ಚಾಚಿರಬೇಕು. ಕಡಪ ಅಥವಾ ಗ್ರಾನೈಟ್ ಕಟ್ಟೆಗೆ ಮುಂದಿನ ಪಟ್ಟಿ ಅಂಟಿಸಿ ದಪ್ಪ ಮಾಡಿರುತ್ತಾರೆ, ಆ ದಪ್ಪ ಶಿಕಂಜೆಯ ಬಾಯಿಗೆ ಹಿಡಿಯುತ್ತದೋ ಅಳೆದು ನೋಡಿ. ಅಂಚು ದುಂಡಗಿದ್ದರೆ ಯಂತ್ರ ತಿರುಗಿಸಿದಾಗಲೆಲ್ಲ ಜಾರುತ್ತದೆ. ಕಟ್ಟಿಗೆಯ ಊಟದ ಮೇಜು ಇದ್ದರೆ ಸಮಸ್ಯೆ ಇಲ್ಲ. ಇಲ್ಲದಿದ್ದರೆ ಎರಡಡಿ ಹಲಗೆಗೆ ಯಂತ್ರ ಬಿಗಿದು, ಶಾವಿಗೆ ಮಾಡುವಾಗಿನ ಹಾಗೆ ಹಲಗೆಯ ಇನ್ನೊಂದು ತುದಿಯ ಮೇಲೆ ಒಬ್ಬರು ಕೂತರೆ ಆಯಿತು.

ತೊಳಿಯೋದು ಹ್ಯಾಂಗ?

ತೊಳೆಯುವುದಿಲ್ಲ. ರೋಲರ್, ಕಟರುಗಳಿಗೆ ನೀರು ತಾಗಿದರೆ ಒಳಗಿನ ಹಲ್ಲುಚಕ್ರಕ್ಕೆ ತುಕ್ಕು ಹಿಡಿಯುತ್ತದೆ, ಉಳಿದ ಹಿಟ್ಟು ಅಂಟಾಗಿ ಕೂರುತ್ತದೆ. ಕೆಲಸ ಮುಗಿದ ಮೇಲೆ ಒಂದು ಗಂಟೆ ಹಾಗೇ ಬಿಡಿ, ಕಣಕದ ಚೂರು ಒಣಗಲಿ, ಆಮೇಲೆ ಒಣ ಬ್ರಶ್ಶಿನಿಂದ ಉದುರಿಸಿ. ಕಟರಿನ ಸಂದಿಗೆ ಬಿದಿರಿನ ಕಡ್ಡಿ. ಚಾಕು, ಸೂಜಿ ಹಾಕಿದರೆ ಉರುಳೆಗೆ ಗೀರು ಬಿದ್ದು ಪ್ರತಿ ಹಾಳೆಯಲ್ಲೂ ಆ ಗೀರು ಕಾಣುತ್ತದೆ.

ಅಡುಗೆ ಎಣ್ಣೆ ಬಿಡಬೇಡಿ. ಶೇಂಗಾ ಎಣ್ಣೆಯಾಗಲಿ ಸೂರ್ಯಕಾಂತಿ ಎಣ್ಣೆಯಾಗಲಿ ತಿಂಗಳೊಪ್ಪತ್ತಿನಲ್ಲಿ ಜಿಗುಟಾಗುತ್ತದೆ. ಆಹಾರ ಯಂತ್ರಗಳಿಗೆಂದೇ ಇರುವ ಮಿನರಲ್ ಆಯಿಲ್ ವರ್ಷಕ್ಕೆ ಎರಡು ಮೂರು ಸಲ, ಉರುಳೆಯ ತುದಿಗೆ ಒಂದೇ ಹನಿ. ಮಳೆಗಾಲದಲ್ಲಿ ಯಂತ್ರದೊಳಗೆ ಉಳಿದ ಹಿಟ್ಟಿಗೆ ನುಸಿ ಬೀಳುತ್ತದೆ. ಬಟ್ಟೆಯಲ್ಲಿ ಸುತ್ತಿ ಗಾಳಿಯಾಡದ ಡಬ್ಬಿಯಲ್ಲಿಡಿ.

ಎಕ್ಸ್‌ಟ್ರೂಡರಿನ ಬಿಲ್ಲೆಯನ್ನು ಹಸಿಯಿದ್ದಾಗ ತಿಕ್ಕಿದರೆ ತೂತುಗಳೆಲ್ಲ ಮುಚ್ಚುತ್ತವೆ. ರಾತ್ರಿ ಬಿಡಿ, ಬೆಳಿಗ್ಗೆ ಕಡ್ಡಿಯಲ್ಲಿ ತಳ್ಳಿದರೆ ಹರಳಿನ ಹಾಗೆ ಉದುರುತ್ತದೆ.

ಪಾಸ್ತಾ ಬಿಟ್ಟು ಬ್ಯಾರೆ ಕೆಲಸಕ್ಕ ಬರ್ತದೇನು?

ದುಡ್ಡು ಹುಟ್ಟುವುದೇ ಅಲ್ಲಿ. ಕರಚಿಕಾಯಿಯ ಹಾಳೆ, ಶಂಕರಪಾಳಿ, ಚಿರೋಟಿಯ ಪದರ, ಸಮೋಸಾ ಪಟ್ಟಿ ಎಲ್ಲವೂ ರೋಲರಿನಲ್ಲಿ ಒಂದೇ ದಪ್ಪಕ್ಕೆ ಬರುತ್ತವೆ. ಶಂಕರಪಾಳಿಗೆ ಹಾಳೆಯನ್ನು 3 ಮಿ.ಮೀ. ದಪ್ಪಕ್ಕೆ ನಿಲ್ಲಿಸಿ, ಚೌಕವನ್ನು ಚಕ್ರದಿಂದ ಕೊಯ್ಯಿರಿ, ಕಟರಿಗೆ ಹಾಕಬೇಡಿ. ಸಕ್ಕರೆ, ತುಪ್ಪ ಸೇರಿದ ಕಣಕ ಕಟರಿನ ಹಲ್ಲಿಗೆ ಅಂಟುತ್ತದೆ. ದೀಪಾವಳಿಗೆ ಎರಡು ಕಿಲೋ ಕರಚಿಕಾಯಿ ಮಾಡುವ ಮನೆಗೆ ಯಂತ್ರದ ಉಪಯೋಗ ಪಾಸ್ತಾಕ್ಕಿಂತ ಇದರಲ್ಲೇ ಹೆಚ್ಚು.

ಜೋಳದ ರೊಟ್ಟಿ ಆಗುವುದಿಲ್ಲ, ಜೋಳಕ್ಕೆ ಎಳೆತವೇ ಇಲ್ಲ. ಉದ್ದಿನ ಹಪ್ಪಳದ ಕಣಕ ಕುಟ್ಟಿ ಹದ ಮಾಡುವಷ್ಟು ಗಟ್ಟಿ, ಅದನ್ನು ಮೋಟರಿನ ರೋಲರಿಗೆ ಕೊಡಬೇಡಿ. ಚಪಾತಿಗೂ ಬೇಡ, ಲಟ್ಟಣಿಗೆಯೇ ಬೇಗ.

ರೊಕ್ಕದ ಲೆಕ್ಕ ಹ್ಯಾಂಗ?

ಉಳಿತಾಯಕ್ಕೆಂದು ಕೊಳ್ಳುವ ವಸ್ತುವಲ್ಲ ಇದು. ಲೆಕ್ಕಕ್ಕೆಂದು ಹಿಡಿಯೋಣ: ಪ್ರತಿ ಸಲ ಮನೆಯಲ್ಲಿ ಮಾಡಿದಾಗ 60 ರೂಪಾಯಿ ಉಳಿಯುತ್ತದೆ. ಅಟ್ಯಾಚ್‌ಮೆಂಟಿಗೆ 20,000 ಹೋದರೆ ವಾರಕ್ಕೊಮ್ಮೆ ಮಾಡಿದರೂ ಅಸಲು ಬರಲು ಆರು ವರ್ಷ ಮೀರುತ್ತದೆ. ಕೈಯಂತ್ರಕ್ಕೆ 4,000 ಹೋದರೆ ಹದಿನೈದು ತಿಂಗಳು. ನಿಮ್ಮ ಅಂಗಡಿಯ ಬೆಲೆ ಹಾಕಿ ನೀವೇ ಭಾಗಿಸಿ. ವಾರಕ್ಕೊಮ್ಮೆ ಎಂಬ ಮಾತು ಮಾತ್ರ ನಿಜ ಇರಬೇಕು. ಮೊದಲ ಸಲ ಒಂದೂವರೆ ಗಂಟೆ, ಕೈ ಕೂಡಿದ ಮೇಲೂ ಮುಕ್ಕಾಲು ಗಂಟೆ ಬೇಕು, ಕಣಕ ಬಿಡುವ ಹೊತ್ತು ಬೇರೆ.

ಅದಕ್ಕೇ ಒಂದು ಪರೀಕ್ಷೆ: ಕೊಳ್ಳುವ ಮುಂಚೆ ಲಟ್ಟಣಿಗೆಯಿಂದಲೇ ಐದು ಸಲ ಮಾಡಿ. 100 ಗ್ರಾಂ ಉಂಡೆಯನ್ನು ತೆಳ್ಳಗೆ ಲಟ್ಟಿಸಿ, ರವೆ ಉದುರಿಸಿ, ಚಾಪೆಯಂತೆ ಸುತ್ತಿ, ಚಾಕುವಿನಲ್ಲಿ ಕೊಯ್ದು ಬಿಡಿಸಿದರೆ ಪಟ್ಟಿ ತಯಾರು. ಎರಡು ತಿಂಗಳಲ್ಲಿ ಐದು ಸಲ ಆಗದಿದ್ದರೆ ಯಂತ್ರ ತಂದ ಮೇಲೂ ಆಗುವುದಿಲ್ಲ. ಐದನೇ ಸಲಕ್ಕೆ ‘ಲಟ್ಟಿಸಿ ಲಟ್ಟಿಸಿ ತೋಳು ಬಿದ್ದು ಹೋತು, ಆದ್ರ ಮುಂದಿನ ಆಯಿತವಾರ ಮತ್ತ ಮಾಡೂಣು’ ಅನಿಸಿದರೆ ತಗೊಳ್ಳಿ.

ಶ್ಯಾವಿಗಿ ಹಂಗ ಒಣಗಿಸಿ ವರ್ಷ ಇಡಬಹುದೇನು?

ಮೊಟ್ಟೆ ಹಾಕಿದ್ದನ್ನು ಇಡಬೇಡಿ, ಫ್ರಿಜ್ಜಿನಲ್ಲಿ ಒಂದು ದಿನ, ಫ್ರೀಜರಿನಲ್ಲಿ ಒಂದು ತಿಂಗಳು. ರವೆ-ನೀರಿನದನ್ನು ಶಿವರಾತ್ರಿಯಿಂದ ಮೇ ಮೊದಲ ವಾರದವರೆಗಿನ ಹವೆಯಲ್ಲಿ ಒಣಗಿಸಬಹುದು. ನೆರಳಿನಲ್ಲಿ ಕೋಲಿನ ಮೇಲೆ ಒಂದು ದಿನ, ಆಮೇಲೆ ಬಿಸಿಲು. ನೇರ ಬಿಸಿಲಿಗೆ ಹಾಕಿದರೆ ಹೊರಗೆ ಒಣಗಿ ಒಳಗೆ ಹಸಿ ಉಳಿದು, ಡಬ್ಬಿಯಲ್ಲಿ ಚೂರು ಚೂರಾಗುತ್ತದೆ. 1.5 ಮಿ.ಮೀ. ಪಟ್ಟಿ ಶಾವಿಗೆಗಿಂತ ದಪ್ಪ, ಎರಡು ಮೂರು ದಿನ ಬೇಕು. ಮುರಿದಾಗ ಟಕ್ ಎಂದು ಸದ್ದು ಬರಬೇಕು, ಮುರಿದ ಜಾಗದ ನಡುವೆ ಬಣ್ಣ ಒಂದೇ ಇರಬೇಕು. ಜೂನ್ ನಂತರ ಮಾಡಿದ್ದನ್ನು ಅಂದೇ ಬೇಯಿಸಿ.

ಹಳೇದು ಸಿಕ್ಕದ. ನೋಡಿ ತಗೊಳ್ಳೋದು ಹ್ಯಾಂಗ?

ಅತಿ ತೆಳ್ಳನೆಯ ಹಂತಕ್ಕೆ ಇಟ್ಟು ಬೆಳಕಿಗೆ ಹಿಡಿಯಿರಿ. ಉರುಳೆಗಳ ನಡುವಿನ ಬೆಳಕಿನ ಗೆರೆ ಉದ್ದಕ್ಕೂ ಒಂದೇ ಸಮ ಇರಬೇಕು. ಒಂದು ಕಡೆ ಅಗಲವಾಗಿದ್ದರೆ ಬಿಡಿ. ಗುಂಡಿ ಪ್ರತಿ ಹಂತದಲ್ಲೂ ಕಟಕ್ ಎಂದು ಕೂರಬೇಕು. ಉರುಳೆಯ ಮೇಲಿನ ತುಕ್ಕಿನ ಚುಕ್ಕೆ ಉಜ್ಜಿದರೆ ಹೋಗುವುದಿಲ್ಲ, ಮೇಲಿನ ಲೇಪವೇ ಎದ್ದಿರುತ್ತದೆ. ಹಿಡಿ ಮತ್ತು ಶಿಕಂಜೆ ಜೊತೆಗಿವೆಯೋ ಕೇಳಿ, ಅವೆರಡೂ ಬೇರೆ ಸಿಗುವುದು ಕಷ್ಟ.

ಮಗ ಅಮೇರಿಕಾದಾಗ ಇದ್ದಾನ, ಬರುಮುಂದ ತರ್ತೀನಿ ಅಂತಾನ. ತರಸಲೇನು?

ಕೈಯಂತ್ರ ಅಥವಾ ಬರೀ ಅಟ್ಯಾಚ್‌ಮೆಂಟ್ ಆದರೆ ತರಿಸಿ, ಅವುಗಳಲ್ಲಿ ಕರೆಂಟಿನ ಭಾಗ ಇಲ್ಲ. ಸ್ಟ್ಯಾಂಡ್ ಮಿಕ್ಸರ್ ಅಥವಾ ಮೋಟರ್ ಇರುವ ಪಾಸ್ತಾ ಯಂತ್ರ ಬೇಡವೆನ್ನಿ. ಅಲ್ಲಿಯದು 120 ವೋಲ್ಟ್, 60 ಹರ್ಟ್ಸ್, ನಮ್ಮದು 230 ವೋಲ್ಟ್, 50 ಹರ್ಟ್ಸ್. ನೇರ ಹಚ್ಚಿದರೆ ಮೋಟರ್ ಸುಡುತ್ತದೆ. ಟ್ರಾನ್ಸ್‌ಫಾರ್ಮರ್ ಹಚ್ಚಿದರೂ ಯಂತ್ರದಷ್ಟೇ ಭಾರದ ಇನ್ನೊಂದು ಡಬ್ಬಿ ಕಟ್ಟೆಯ ಮೇಲೆ ಬಂದು ಕೂರುತ್ತದೆ, ರಿಪೇರಿ ಬಂದರೆ ಇಲ್ಲಿ ವಾರಂಟಿ ನಡೆಯುವುದು ಕಷ್ಟ. ಅಟ್ಯಾಚ್‌ಮೆಂಟ್ ತರಿಸುವುದಾದರೂ ಇಲ್ಲಿರುವ ಮಿಕ್ಸರಿನ ಮಾದರಿ ಸಂಖ್ಯೆಯನ್ನು ಅವನಿಗೆ ಮೊದಲೇ ಕಳಿಸಿರಿ.